ಗಂಟಿಗಿಂತ ಎರಡು ಬೆರಳು ಮೇಲೆ

ಇದರಲ್ಲಿ ಒಂದು ಮಾತು ಸುಳ್ಳಿದ್ದರೂ ನಾಳೆಯಿಂದ ನನ್ನ ಪಾಲಿನ ರೊಟ್ಟಿಯೆಲ್ಲ ಹಂಚಿನ ಮೇಲೆಯೇ ಎರಡು ಹೋಳಾಗಲಿ. ಕಣ್ಣಾರೆ ಕಂಡವರು ಚಿಕ್ಕೇರೂರಿನಲ್ಲಿ ಅರ್ಧ ಊರು ಇದ್ದಾರೆ. ಉಳಿದ ಅರ್ಧ ಊರು ಅಂದು ಹೊಲಕ್ಕೆ ಹೋಗಿತ್ತು, ಆದರೂ ನಾವೂ ಕಂಡೆವು ಅನ್ನುತ್ತದೆ. ಅಷ್ಟು ಖರೆ ಸಂಗತಿ ಇದು.

ಶೀಗಿ ಹುಣ್ಣಿಮೆಯ ಮಧ್ಯಾಹ್ನ. ಹೊಲದಲ್ಲಿ ಭೂತಾಯಿಗೆ ಎಡೆಯ ಚರಗ ಚೆಲ್ಲಿ ಬಂದ ಅಜ್ಜಪ್ಪನ ಮನೆಯವರೆಲ್ಲ ಒಳಗೆ ಎರಡನೇ ಸಲ ಕಡುಬು ನೀಡಿಸಿಕೊಳ್ಳುತ್ತಿದ್ದರು. ಹಿರಿಯ ಅಳಿಯ ಬಸವೇಶ ಕೈ ತೊಳೆಯುವ ನೆಪ ಮಾಡಿ ಹೊರಗೆ ಬಂದ. ಬೇವಿನ ಮರದ ನೆರಳಲ್ಲಿ ಕಿರಿಯ ಅಳಿಯನ ಹೊಸ ಪಿಕಪ್ ಗಾಡಿ ನಿಂತಿತ್ತು. ಬಸವೇಶ ಆ ಕಡೆ ಈ ಕಡೆ ನೋಡಿ ಅದರ ಹಿಂದಿನ ಗಾಲಿಯ ಬಳಿ ಕುಕ್ಕರಗಾಲಲ್ಲಿ ಕುಳಿತ. ಹೆಗಲ ಮೇಲಿನ ಟವೆಲ್ ತೆಗೆದು, ಅದರ ಒಂದು ತುದಿಯನ್ನು ಕಾಲಿನ ಹೆಬ್ಬೆರಳಿನಿಂದ ನೆಲಕ್ಕೆ ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ಟೈರಿನ ಮೈಗುಂಟ ಮೇಲಕ್ಕೆ ಎಳೆದ. ಟೈರು ಮುಗಿದ ಜಾಗಕ್ಕೆ ಸರಿಯಾಗಿ ಒಂದು ಗಂಟು ಹಾಕಿದ.

"ಏನ್ ಮಾಡಾಕತ್ತೀರಿ ಅಲ್ಲೆ?" ಅಂದಳು ಹೆಂಡತಿ ಶೈಲಶ್ರೀ, ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತು.

"ಗಾಳಿ ನೋಡಾಕತ್ತೇನಿ."

"ಯಾರ ಗಾಡಿ ಗಾಳಿ?"

"ಮಾಂತೇಶಿದು. ಕಡಿಮಿ ಆಗೇತೇನೋ ಅಂತ. ಅವನೇನ್ ಹೊರಗಿನವನ? ನಮ್ಮವನಽ ಅಲ್ಲೇನು?"

"ಟವೆಲ್‌ಲೆ ಗಾಳಿ ನೋಡೂದನ್ನ ನಾ ಇವತ್ತ ಕಂಡೆ," ಅಂದು ಅವಳು ತಂಬಿಗೆಯ ನೀರನ್ನು ಅವನ ಕೈ ಮೇಲೆ ಹಾಕುವ ಬದಲು ಕಾಲ ಮೇಲೆ ಹಾಕಿ ಒಳಗೆ ಹೋದಳು.

ಅಜ್ಜಪ್ಪನಿಗೆ ಇಬ್ಬರು ಹೆಣ್ಣುಮಕ್ಕಳು. ಹಿರಿಯಳು ಶೈಲಶ್ರೀಯನ್ನು ತನ್ನ ಅಕ್ಕನ ಮಗ, ಹುಲಗೂರಿನ ಬಸವೇಶನಿಗೇ ಕೊಟ್ಟಿದ್ದ. ಕಿರಿಯಳು ಮಲ್ಲಿಕಾಳನ್ನು ಹೊರಗಿನ ಸಂಬಂಧ ಹುಡುಕಿ ಸವಣೂರಿನ ಮಹಾಂತೇಶನಿಗೆ ಕೊಟ್ಟಿದ್ದ. ಹೀಗೆ ಅವರಿಬ್ಬರೂ ಸಡ್ಡಕರಾದರು. ಸಡ್ಡಕರಾದ ಮೇಲೆ ಸುಮ್ಮನಿರುವುದು ಯಾರಿಂದ ಆಗಿದೆ? ಇಬ್ಬರೂ ಪಿಕಪ್ ಇಟ್ಟವರು. ಬಸವೇಶ ಗೋವಿನಜೋಳದ ಚೀಲ, ಕುರಿ, ಮದುವೆಯ ಪೆಂಡಾಲು, ಸಿಕ್ಕಿದ್ದನ್ನು ಹೇರುತ್ತಿದ್ದ. ಮಹಾಂತೇಶ ಸವಣೂರಿನ ತೋಟಗಳ ಎಲೆ ಹೇರುತ್ತಿದ್ದ. ಅವನು ಗಾಡಿಯಿಂದ ಇಳಿದರೆ ಅಂಗಳವೆಲ್ಲ ವೀಳ್ಯದೆಲೆಯ ವಾಸನೆ. ಬಸವೇಶ ಇಳಿದರೆ ಕುರಿಯ ವಾಸನೆ.

ಅದಕ್ಕಿಂತ ದೊಡ್ಡ ಸಂಕಟ ಇನ್ನೊಂದಿತ್ತು. ಬಸವೇಶ ಚಡ್ಡಿ ಹಾಕದ ಕಾಲದಿಂದ ಆ ಅಂಗಳದಲ್ಲಿ ಆಡಿದವನು. ಹಾಗಾಗಿ ಅಜ್ಜಪ್ಪ ಅವನನ್ನು ಕಂಡರೆ, "ಬಂದೇನೋ ಬಸ್ಯಾ? ಆ ಎಮ್ಮಿ ಬಿಚ್ಚಿ ಈ ಕಡೆ ಕಟ್ಟು," ಅನ್ನುತ್ತಿದ್ದ. ಅದೇ ಬಾಯಲ್ಲಿ ಮಹಾಂತೇಶನಿಗೆ, "ಬರ್ರಿ ಮಾಂತೇಶಪ್ಪ, ಕುಂದರ್ರಿ, ನೀರ ತಗೋರಿ," ಅನ್ನುತ್ತಿದ್ದ. ಆ 'ರಿ' ಒಂದೊಂದೂ ಬಸವೇಶನ ಎದೆಗೆ ಜಾಲಿಯ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಮಹಾಂತೇಶ ಬರುವಾಗ ಸವಣೂರ ಖಾರದ ಪೊಟ್ಟಣ ತರುತ್ತಿದ್ದ. ಮನೆಮಂದಿಯೆಲ್ಲ "ಖಾರ ಅಂದ್ರ ಇದು" ಅನ್ನುತ್ತಿದ್ದರು. ಬಸವೇಶ, "ಎಣ್ಣಿ ಸ್ವಲ್ಪ ಹಳೇದು," ಅನ್ನುತ್ತಲೇ ಮೂರು ಮುಷ್ಟಿ ಮುಗಿಸುತ್ತಿದ್ದ.

ಇಷ್ಟಾದರೂ ಒಂದು ಮಾತ್ರ ಅವನದೇ ಆಗಿತ್ತು. ಅದು ಹೋರಿಯನ್ನು ಹೇರುವ ಮಾನ.

ಅಜ್ಜಪ್ಪನ ಹೋರಿಯ ಹೆಸರು ಸಿಡಿಮದ್ದು. ದೀಪಾವಳಿ ಬಂತೆಂದರೆ ಆ ಸೀಮೆಯ ಊರೂರಲ್ಲಿ ಹೋರಿ ಹಬ್ಬ. ಕೊರಳಿಗೆ ಕೊಬ್ಬರಿ ಬಟ್ಟಲಿನ ಸರ ಕಟ್ಟಿದ ಹೋರಿಯನ್ನು ಜನರ ನಡುವೆ ಓಡಿಸುತ್ತಾರೆ. ಗಂಡಸರು ಆ ಕೊಬ್ಬರಿ ಹರಿಯಲು ಮೈಮೇಲೆ ಬೀಳುತ್ತಾರೆ. ಯಾರ ಕೈಗೂ ಸಿಗದೆ ಪಾರಾದದ್ದೇ ಗೆದ್ದ ಹೋರಿ. ಸಿಡಿಮದ್ದು ಓಡಿತೆಂದರೆ ಎದ್ದ ಧೂಳು ಸವಣೂರಿನ ಎಲೆ ತೋಟಗಳ ಮೇಲೆ ಹೋಗಿ ಕೂರುತ್ತಿತ್ತು. ಬೇಕಾದರೆ ಎಲೆಯವರನ್ನು ಕೇಳಿ. ಆದರೆ ಅಜ್ಜಪ್ಪನದೊಂದು ನೇಮ. ಹೋರಿಯನ್ನು ಗಾಡಿಗೆ ಹಗ್ಗ ಹಾಕಿ ಎಳೆಯಬಾರದು, ಹಿಂದಿನಿಂದ ನೂಕಬಾರದು, ಹಲಗೆ ಹಚ್ಚಬಾರದು. ಅದು ತಾನಾಗಿ ಕಾಲೆತ್ತಿ ಏರಬೇಕು. "ಎಳಸ್ಕೊಂಡ ಏರಿದ ಹೋರಿ ಕಣದಾಗ ಹಿಡಸ್ಕೊಂತೈತಿ," ಅನ್ನುತ್ತಿದ್ದ. ಅದಕ್ಕೆಂದೇ ಮನೆಯ ಮಗ್ಗುಲಿಗೆ ಒಂದು ಕಲ್ಲಿನ ಕಟ್ಟೆ ಇತ್ತು. ಹೋರಿ ಇಳಿಜಾರಿನ ಕಡೆಯಿಂದ ಕಟ್ಟೆ ಏರುತ್ತಿತ್ತು. ಬಸವೇಶ ಗಾಡಿಯನ್ನು ಹಿಂದೆ ತಂದು ಕಟ್ಟೆಗೆ ಹಚ್ಚುತ್ತಿದ್ದ. ಹೋರಿ ಅಡುಗೆಮನೆಯಿಂದ ಪಡಸಾಲೆಗೆ ಬಂದ ಹಾಗೆ ಗಾಡಿಯೊಳಗೆ ನಡೆದು ಬರುತ್ತಿತ್ತು. ಆಮೇಲೆ ಅಜ್ಜಪ್ಪ ಊರವರ ಮುಂದೆ ಬಸವೇಶನ ತಲೆಗೆ ತನ್ನ ಕೈಯಾರೆ ಒಂದು ಹೊಸ ಟವೆಲ್ ಸುತ್ತುತ್ತಿದ್ದ. ಆ ಗಳಿಗೆಯಲ್ಲಿ ಮಹಾಂತೇಶ ಯಾವ ಕಡೆ ನೋಡುತ್ತಾನೆ ಎಂದು ಬಸವೇಶ ತಪ್ಪದೆ ನೋಡುತ್ತಿದ್ದ.

ಈ ವರ್ಷ ಮಹಾಂತೇಶ ಹೊಸ ಗಾಡಿ ತಂದಿದ್ದ. ಬಸವೇಶನ ಹಳೆಯ ಗಾಡಿಯ ಪಕ್ಕ ಅದು ನಿಂತರೆ ಕೋಣದ ಮಗ್ಗುಲಲ್ಲಿ ಕರು ನಿಂತ ಹಾಗೆ ಕಾಣುತ್ತಿತ್ತು, ಕರು ಯಾರದೆಂದು ನಾನು ಹೇಳುವುದಿಲ್ಲ. ಅಂದು ಬೆಳಿಗ್ಗೆ ಅಜ್ಜಪ್ಪ ಆ ಹೊಸ ಗಾಡಿಯ ಸುತ್ತ ಒಂದು ಸುತ್ತು ಬಂದಿದ್ದ. ಹಿಂದೆ ನಿಂತು ಅದರ ಹಲಗೆಯ ಅಂಚಿಗೆ ಕೈ ಇಟ್ಟು, ಅದು ತನ್ನ ಎದೆಯ ಎಲ್ಲಿಗೆ ಬರುತ್ತದೆಂದು ನೋಡಿ, ತಿರುಗಿ ಕಟ್ಟೆಯನ್ನು ನೋಡಿ, "ಹ್ಞೂಂ" ಅಂದು ಒಳಗೆ ಹೋಗಿದ್ದ.

ಬಸವೇಶನಿಗೆ ಆ 'ಹ್ಞೂಂ' ಸಾಕಾಯಿತು. ಮಾವನಿಗೆ ಎತ್ತರದ ಗಾಡಿ ಮನಸ್ಸಿಗೆ ಬಂದಿದೆ, ಈ ಸಲ ಹೋರಿ ಸವಣೂರಿನ ಪಾಲು ಎಂದು ಅವನು ತೀರ್ಮಾನ ಮಾಡಿಬಿಟ್ಟ. ಕಡುಬು ಗಂಟಲಲ್ಲಿ ಇಳಿಯಲಿಲ್ಲ. ಹೊಸ ಗಾಡಿ ತರುವ ಶಕ್ತಿ ಇರಲಿಲ್ಲ. ಆದರೆ ಟೈರು?

ಮಾರನೆಯ ದಿನವೇ ಅವನ ಗಾಡಿ ಶಿಗ್ಗಾಂವಿಯಲ್ಲಿ ಹೆದ್ದಾರಿ ಬದಿಯ ಟೈರಿನ ಅಂಗಡಿ ಮುಂದೆ ನಿಂತಿತ್ತು. ಅಂಗಡಿ ನೋಡಿಕೊಳ್ಳುತ್ತಿದ್ದವಳು ಉಮೈಮಾ. ಅಪ್ಪನಿಗೆ ಮೊಣಕಾಲು ಹಿಡಿದ ಮೇಲೆ ಗಲ್ಲೆಯ ಮೇಲೆ ಅವಳೇ ಕೂರುತ್ತಿದ್ದಳು. ಗಿರಾಕಿ ಬಾಯಿ ತೆರೆಯುವ ಮೊದಲೇ ಗಾಡಿಯ ಕಾಲು ನೋಡುವ ಹೆಣ್ಣುಮಗಳು.

"ಏನ್ ಬೇಕ್ರಿ ಅಣ್ಣಾರ?"

"ದೊಡ್ಡ ಟೈರ ಬೇಕ್ರಿ ಈ ಗಾಡೀಗೆ."

"ಎಷ್ಟ ದೊಡ್ಡವು?"

ಬಸವೇಶ ಹೆಗಲ ಟವೆಲ್ ತೆಗೆದು ಕೊಡವಿ, ತುದಿಯನ್ನು ನೆಲಕ್ಕೆ ಹಚ್ಚಿ, ಗಂಟಿನ ಮೇಲೆ ಬೆರಳಿಟ್ಟ. "ಇಷ್ಟು."

ಉಮೈಮಾ ಟವೆಲ್ ನೋಡಿದಳು, ಅವನ ಮುಖ ನೋಡಿದಳು. "ಅಳತಿ ಕೊಟ್ಟ ಟೈರ ಹೊಲಿಸ್ಕೊಳ್ಳಾಕ ಬಂದವ್ರು ನೀವ ಮೊದಲನೇದವ್ರು. ಟೇಲರ ಅಂಗಡಿ ಬಾಜೂಕೈತ್ರಿ."

"ಚ್ಯಾಷ್ಟಿ ಬ್ಯಾಡವಾ. ನನಗ ಈ ಗಂಟಿನ ಮಟ ಬೇಕು."

ಅವಳು ಎದ್ದು ಬಂದು ಅವನ ಗಾಡಿಯ ಮುಂದಿನ ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಕೈ ತೂರಿಸಿ ಎಷ್ಟು ಜಾಗ ಇದೆ ಎಂದು ನೋಡಿದಳು. ಆಮೇಲೆ ಟೈರುಗಳನ್ನು ಒಂದೊಂದಾಗಿ ಉರುಳಿಸಿ ತರಿಸಿ ನಿಲ್ಲಿಸಿದಳು. "ಇದು ಕಂಪನಿ ಕೊಟ್ಟಿದ್ದ ಸೈಜು. ಇದನ್ನ ಹಾಕ್ಸಿದ್ರ ನಿಮಗ ಕಣ್ಣಿಗೆ ನಿದ್ದಿ, ಗಾಡೀಗೆ ಆರಾಮ. ಇದು ಒಂದ ನಂಬರ ಹೆಚ್ಚಿಂದು. ಗಾಲಿ ಡಿಸ್ಕ್ ಬದಲಿ ಮಾಡೂದು ಬ್ಯಾಡ, ನಿಮ್ಮ ಹಳೇ ಡಿಸ್ಕಿಗೇ ಚಲೋ ಕೂಡತೈತಿ. ಅಗಲ ಐತಿ, ಹೊಲದ ರಾಡ್ಯಾಗ ಹಿಡಿತ ಬರತೈತಿ, ಎಲ್ಲೀ ತಿಕ್ಕಂಗಿಲ್ಲ. ನಿಮ್ಮ ಗಾಡಿ ಇದನ್ನ ಬೇಡಾಕತ್ತೈತಿ ನೋಡ್ರಿ."

"ಗಾಡಿ ಬೇಡತೈತಿ, ಖರೆ. ಟವೆಲ್ ಏನಂತೈತಿ ನೋಡೂಣು." ಬಸವೇಶ ಟವೆಲನ್ನು ಆ ಟೈರಿಗೆ ಹಿಡಿದ. ಟೈರು ಗಂಟಿಗಿಂತ ಒಂದು ಬೆರಳು ಕೆಳಗೇ ನಿಂತಿತು. ಅವನ ಮುಖ ಸಣ್ಣದಾಯಿತು. ಅಷ್ಟರಲ್ಲಿ ಮೂಲೆಯಲ್ಲಿ ಇನ್ನೊಂದು ಜಾತಿಯ ಟೈರು ಕಣ್ಣಿಗೆ ಬಿತ್ತು. ಗುಡ್ಡ ಏರುವ ಜೀಪಿನವರು ಹಾಕಿಸುವಂಥದ್ದು. ಮೈಮೇಲೆ ಬೆಲ್ಲದ ಅಚ್ಚಿನಂಥ ದಪ್ಪ ದಪ್ಪ ಗಡ್ಡೆಗಳು. "ಅದು?"

"ಅದು ನಿಮಗ ಬ್ಯಾಡ್ರಿ."

"ನನ್ನ ಡಿಸ್ಕಿಗೆ ಕೂಡತೈತಿಲ್ಲ?"

"ಕೂಡೂದೇನೋ ಕೂಡತೈತಿ. ಕಾಲ ಹೋಕ್ಕೈತಿ ಅಂತ ಅಪ್ಪನ ಚಪ್ಪಲ್ ಹಾಕ್ಕೊಂಡ ಓಡಾಕ ಬರತೈತೇನ್ರಿ? ಸ್ಟೇರಿಂಗ್ ಪೂರಾ ತಿರುವಿದ್ರ ಮಡ್‌ಗಾರ್ಡ್ ತಿಂತೈತಿ. ಏರಿನ್ಯಾಗ ಗಾಡಿ ಉಸ್ ಅಂತೈತಿ. ಮೀಟರ ಸುಳ್ಳ ಹೇಳತೈತಿ, ಅದು ನಲವತ್ತ ತೋರ್ಸಿದ್ರ ನೀವು ಖರೇ ನಲವತ್ತೈದರಾಗ ಇರ್ತೀರಿ. ಇನ್ನ ಸ್ಟೆಪ್ನಿ ಹಳೇದ ಉಳೀತು ಅಂದ್ರ, ಪಂಚರ್ ಆದ ದಿವಸ ಗಾಡಿ ಕುಂಟತೈತಿ."

ಬಸವೇಶ ಆಗಲೇ ಟವೆಲ್ ಹಿಡಿದಿದ್ದ. ಟೈರು ಗಂಟು ದಾಟಿ ಎರಡು ಬೆರಳು ಮೇಲೆ ಹೋಗಿತ್ತು. ಅವನು ಆ ಎರಡು ಬೆರಳನ್ನು ಮತ್ತೆ ಮತ್ತೆ ಇಟ್ಟು ನೋಡಿದ. ಹಬ್ಬದ ದಿನ ಹೋಳಿಗೆಯ ಮೇಲೆ ತುಪ್ಪ ನೋಡುವ ಹಾಗೆ.

"ಯಾರದ್ರಿ ಆ ಗಂಟು?" ಅಂದಳು ಉಮೈಮಾ, ಈಗ ಮೆಲ್ಲಗೆ.

"ನನ್ನ ಸಡ್ಡಕಂದು."

"ಅದನ್ನ ಮೊದಲ ಹೇಳಬಾರ್ದೇನ್ರಿ? ಇಷ್ಟೊತ್ತು ಸುಮ್ಮನ ಬಾಯಿ ನೋಯಿಸ್ಕೊಂಡೆ. ಸಡ್ಡಕರ ಪುಣ್ಯದಿಂದ ನಮ್ಮಪ್ಪ ಈ ಅಂಗಡಿ ಮ್ಯಾಲೆ ಇನ್ನೊಂದ ಅಂತಸ್ತ ಏರಿಸ್ಯಾನ." ಅವಳು ಕೆಲಸದವರಿಗೆ ಜಾಕ್ ತರಲು ಕೂಗಿದಳು. "ಹಳೇ ಟೈರ ಒಯ್ತೀರೇನ್ರಿ?"

"ಇಲ್ಲೇ ಇರ್ಲಿ. ಅವನ್ನೇನ್ ತಲಿ ಮ್ಯಾಲೆ ಇಟ್ಕೊಳ್ಳಿ?"

"ಒಂದ ತಿಂಗಳ ತಗದ ಇಡ್ತೇನಿ ಬಿಡ್ರಿ," ಅಂದಳು. "ಎಲ್ಲಾರೂ ಒಂದ ತಿಂಗಳದಾಗ ಬರ್ತಾರ."

ಊರಿಗೆ ಮರಳುವಾಗ ಬಸವೇಶನಿಗೆ ತಾನು ಮನೆಯ ಮಾಳಿಗೆಯ ಮೇಲೆ ಕೂತು ಮನೆಯನ್ನೇ ಓಡಿಸುತ್ತಿದ್ದೇನೆ ಅನ್ನಿಸಿತು. ಹುಲಗೂರಿನ ದರ್ಗಾದ ಆಚೆ, ಎರಡು ಹೊಲ ದಾಟಿ, ಯಾರು ಯಾರ ಬದುವಿನಿಂದ ಹುಲ್ಲು ಕೊಯ್ಯುತ್ತಿದ್ದಾರೆ ಎಂಬುದೆಲ್ಲ ಅವನಿಗೆ ಕಂಡಿತಂತೆ. ತಿರುವು ಬಂದಾಗಲೆಲ್ಲ ಮುಂದಿನ ಗಾಲಿ ಮಡ್‌ಗಾರ್ಡಿಗೆ ತಿಕ್ಕಿ 'ಕರ್ರ್' ಅನ್ನುತ್ತಿತ್ತು. ಅದಕ್ಕೂ ಅವನು ಉಪಾಯ ಮಾಡಿದ. ಎರಡೇ ದಿನದಲ್ಲಿ ಗಾಡಿಯ ನಾಲ್ಕೂ ಗಾಲಿಯ ಸ್ಪ್ರಿಂಗ್ ಕಮಾನಿಗೆ ಒಂದೊಂದು ಪಟ್ಟಿ ಹೆಚ್ಚಿಗೆ ಹಾಕಿಸಿದ. ಗಾಡಿ ಇನ್ನೊಂದಿಷ್ಟು ಎದ್ದು ನಿಂತಿತು. ಟೈರು, ಪಟ್ಟಿ ಸೇರಿ ಒಟ್ಟು ಅಂಗೈ ಅಗಲದಷ್ಟು ಎತ್ತರ. ಅಂಗೈ ಅಗಲವೆಂದರೆ ಎಷ್ಟು ಮಹಾ ಅನ್ನಬೇಡಿ. ಮೂಗಿನ ಕೆಳಗೆ ಅಂಗೈ ಅಗಲ ನೀರು ಹೆಚ್ಚಾದರೆ ಗೊತ್ತಾಗುತ್ತದೆ.

ದೀಪಾವಳಿ ಮುಗಿದ ವಾರಕ್ಕೆ ಹಾನಗಲ್ಲಿನಲ್ಲಿ ಹೋರಿ ಹಬ್ಬ. ಅಂದು ನಸುಕಿನಲ್ಲೇ ಹೊರಡಲು ಶೈಲಶ್ರೀ ಗಾಡಿ ಏರಬೇಕಾಯಿತು. ಕಾಲೆತ್ತಿದಳು, ಸೀರೆ ಬಿಗಿಯಿತು, ಇಳಿಸಿದಳು. ಕೊನೆಗೆ ಒಂದು ಬಕೆಟ್ ಬೋರಲು ಹಾಕಿ, ಅದರ ಮೇಲೆ ನಿಂತು ಏರಿ, ಬಕೆಟ್ಟನ್ನೂ ಒಳಗೆ ಎಳೆದುಕೊಂಡಳು.

"ಬಕೆಟ್ ಯಾಕ?"

"ಇಳಿಬೇಕಲ್ರಿ ಮತ್ತ? ಏನ್, ಮುಂದ ನನ್ನ ಜೀವನ ಇದರಾಗ ಮುಗೀತೈತೇನು?"

ಚಿಕ್ಕೇರೂರಿಗೆ ಬಂದಾಗ ಮಹಾಂತೇಶ ಆಗಲೇ ಬಂದು ಕೂತಿದ್ದ. ಬಸವೇಶನ ಗಾಡಿ ಅಂಗಳಕ್ಕೆ ತಿರುಗಿದ್ದು ನೋಡಿ ಅವನು ಎದ್ದು ನಿಂತ. ಬಂದು ಸುತ್ತು ಹಾಕಿದ. "ಅಣ್ಣಾರ, ಗಾಡಿ ಬೆಳದೈತಲ್ರೀ! ಏನ್ ಗೊಬ್ಬರ ಹಾಕೀರಿ?"

"ಏನಿಲ್ಲ ತಮ್ಮಾ. ಹಳೇ ಟೈರ ಸವದಿದ್ವು, ಸುಮ್ಮನ ಹಾಕ್ಸಿದೆ."

ಮಹಾಂತೇಶ ನಕ್ಕ, ಆದರೆ ನಗು ತುಟಿಯಿಂದ ಮೇಲೆ ಏರಲಿಲ್ಲ. ಅವನು ಮೆಲ್ಲಗೆ ಹೋಗಿ ಬಸವೇಶನ ಗಾಡಿಯ ಮಗ್ಗುಲಿಗೆ ಭುಜ ಹಚ್ಚಿ ನಿಂತ, ಆಮೇಲೆ ತನ್ನ ಗಾಡಿಯ ಮಗ್ಗುಲಿಗೆ ಹೋಗಿ ಹಾಗೇ ನಿಂತ. ಬಂದು ಕಟ್ಟೆಯ ಮೇಲೆ ಕೂತು ಎಲೆ ಮಡಿಸಿದ, ಸುಣ್ಣ ಹಚ್ಚಲು ಮರೆತ. ಬಸವೇಶ ಅದನ್ನೆಲ್ಲ ನೋಡಿದ. ಮೂರು ವಾರದಿಂದ ಗಂಟಲಲ್ಲಿ ನಿಂತಿದ್ದ ಕಡುಬು ಅಂದು ಕೆಳಗೆ ಇಳಿಯಿತು.

ಹೋರಿಯನ್ನು ಸಿಂಗರಿಸಿದ್ದರು. ಕೊಂಬಿಗೆ ರಿಬ್ಬನ್ನು, ಬಲೂನು, ಮೈಮೇಲೆ ಝೂಲು, ಕೊರಳ ತುಂಬ ಕೊಬ್ಬರಿ. ಅತ್ತೆ ಮಹಾದೇವಕ್ಕ ಆರತಿ ಬೆಳಗಿದಳು. ಊರವರು ಸೇರಿದ್ದರು. ಬಸವೇಶ ಗಾಡಿಯನ್ನು ಹಿಂದೆ ತಂದು ಕಟ್ಟೆಗೆ ಹಚ್ಚಿದ. ಸಿಡಿಮದ್ದು ಎಂದಿನಂತೆ ಕಟ್ಟೆ ಏರಿತು, ಎಂದಿನಂತೆ ತಲೆ ಎತ್ತಿಕೊಂಡು ಮುಂದೆ ನಡೆಯಿತು. ಅದರ ಮುಂಗಾಲು ಗಾಡಿಯ ಅಂಚಿಗೆ 'ಠಣ್' ಎಂದು ಬಡಿಯಿತು.

ಹೋರಿ ನಿಂತಿತು. ಬಗ್ಗಿ ಅಂಚನ್ನು ಮೂಸಿತು. ಇನ್ನೊಂದು ಕಾಲೆತ್ತಿತು. ಮತ್ತೆ 'ಠಣ್'. ಈ ಸಲ ಎರಡು ಹೆಜ್ಜೆ ಹಿಂದೆ ಸರಿದು, ಬುಸ್ ಎಂದು, ಅಜ್ಜಪ್ಪನ ಮುಖ ನೋಡಿತು. ನೀವು ನಂಬುತ್ತೀರೋ ಬಿಡುತ್ತೀರೋ, 'ಇದು ನಮ್ಮ ಗಾಡಿ ಅಲ್ಲ' ಅನ್ನುವ ಹಾಗೇ ನೋಡಿತು.

"ಹಾ, ಹಾ, ಏರಪ್ಪಾ," ಅಂದ ಬಸವೇಶ. ಹುಲ್ಲು ತೋರಿಸಿದ. ಬೆಲ್ಲ ತೋರಿಸಿದ. ಹೋರಿ ಬೆಲ್ಲ ತಿಂದು ಅಲ್ಲೇ ನಿಂತಿತು.

ಅಜ್ಜಪ್ಪ ಬಂದು ಗಾಡಿ ಮತ್ತು ಕಟ್ಟೆ ಕೂಡುವ ಜಾಗದಲ್ಲಿ ಬಗ್ಗಿದ. ಅಂಗೈಯನ್ನು ಅಡ್ಡ ಮಾಡಿ ನಡುವೆ ಇಟ್ಟ. ಅಂಗೈ ಸರಿಯಾಗಿ ಕೂತಿತು.

"ಗಾಡೀಗೆ ಏನ್ ಮಾಡೀಯೋ ಬಸ್ಯಾ?"

"ಟೈರ ಹಾಕ್ಸೇನ್ರಿ ಮಾವಾ. ದೊಡ್ಡವು."

"ಯಾಕ?"

ಊರೆಲ್ಲ ಕೇಳುತ್ತಿತ್ತು. ಬಸವೇಶ ಕಾಲ ಹೆಬ್ಬೆರಳಿನಿಂದ ನೆಲ ಕೆರೆದ. "ಶೀಗಿ ಹುಣ್ಣಿವಿ ದಿವಸ ನೀವು ಮಾಂತೇಶಿ ಗಾಡಿ ಹಿಂದ ನಿಂತು ಅಳತಿ ನೋಡಿದ್ರೆಲ್ರಿ... ಎತ್ತರದ್ದು ಬೇಕಾಗೇತೇನೋ ಅಂತ..."

"ಬೇಕು ಅಂತ ನೋಡಿದ್ನೇನೋ ನಾ? ಇದಕ್ಕ ನಮ್ಮ ಹೋರಿ ಏರಂಗಿಲ್ಲ ಅಂತ ನೋಡಿ ಒಳಗ ಹೋದೆ." ಅಜ್ಜಪ್ಪ ಕಟ್ಟೆಯ ಕಲ್ಲಿನ ಮೇಲೆ ಕೈ ಬಡಿದ. "ಈ ಕಟ್ಟಿ ಯಾರ ಅಳತಿಗೆ ಕಟ್ಸೀನಿ ಅಂತ ಮಾಡೀ? ನಿನ್ನ ಗಾಡಿ ಅಳತಿಗೆ. ಅವತ್ತ ನೀ ಉಂಡು ಪಡಸಾಲ್ಯಾಗ ಮಲಗಿದ್ದಿ. ಎಬ್ಬಸೂದ್ಯಾಕ ಅಂತ ಗೌಂಡಿ ನಿನ್ನ ಗಾಡಿ ಹಿಂದನ ದಾರ ಹಿಡದು ಕಲ್ಲ ಕುಂದ್ರಿಸಿದ. ಈಗ ಏನ್ ಮಾಡ್ಲಿ? ಗಾಡಿ ಬೆಳೀತಂತ ಕಲ್ಲ ಬೆಳೀತಾವೇನು?"

ಬಸವೇಶ ಕಟ್ಟೆಯ ಕಲ್ಲನ್ನು ನೋಡಿದ. ಎಷ್ಟೋ ವರ್ಷದಿಂದ ಅವನು ಆ ಕಟ್ಟೆಯ ಮೇಲೆ ಕೂತು ಮಾವ ತನಗೆ 'ರಿ' ಹಚ್ಚುವುದಿಲ್ಲ ಎಂದು ಕೊರಗಿದ್ದ.

ಆದರೆ ಆ ಮಾತು ಚುಚ್ಚಿದ್ದು ಅವನೊಬ್ಬನಿಗೇ ಅಲ್ಲ. ಮಹಾಂತೇಶ ಎಲೆ ಉಗುಳಿ ಹೆಂಡತಿ ಮಲ್ಲಿಕಾಳ ಕಡೆ ತಿರುಗಿದ. "ಕೇಳಿದೇನ? ಕಟ್ಟಿ ಅವರ ಅಳತಿಗೆ ಕಟ್ಸ್ಯಾರಂತ. ನಮಗ ಬರೇ ಬರ್ರಿ, ಕುಂದರ್ರಿ. ಕಲ್ಲು ಅವರಿಗೆ." ಅಂದವನೇ ಗೋಡೆಗೆ ಆನಿಸಿದ್ದ ಗುದ್ದಲಿ ಎತ್ತಿಕೊಂಡ. "ಮಾವಾರ, ಎತ್ತರ ಆದ್ರ ಏನಾತ್ರಿ? ಗಾಲಿ ಕೆಳಗ ಕುಣಿ ತೋಡಿದ್ರ ನನ್ನ ಗಾಡಿನೂ ಇಳೀತೈತಿ. ಕಟ್ಟಿಗೆ ಆ ಕಡಿ ಮಗ್ಗಲಾನೂ ಐತಲ್ರಿ."

ಬಸವೇಶನಿಗೆ ಆಗ ಹೊಳೆಯಿತು. "ಅತ್ತೀ, ಸಲಿಕಿ!" ಎಂದು ಕೂಗಿದ.

ಬಸವೇಶ ತನ್ನ ಗಾಡಿಯನ್ನು ಮುಂದೆ ಸರಿಸಿದ, ಮಹಾಂತೇಶ ತನ್ನದನ್ನು ಕಟ್ಟೆಯ ಆ ಮಗ್ಗುಲಿಗೆ ತಂದ. ಈ ಮಗ್ಗುಲಲ್ಲಿ ಒಬ್ಬ, ಆ ಮಗ್ಗುಲಲ್ಲಿ ಒಬ್ಬ. ಮೊನ್ನೆಯವರೆಗೆ ಎತ್ತರಕ್ಕೆ ಹಟ ಹಿಡಿದವರು ಈಗ ಆಳಕ್ಕೆ ಬಿದ್ದರು. ಮಣ್ಣು ಹಾರಿ ಆರತಿ ತಟ್ಟೆಯಲ್ಲಿ ಬಿತ್ತು. "ಅಂಗಳದಾಗ ಬಾಂವಿ ತೋಡಾಕತ್ತಾರಲ್ಲೇ ಅಳಿಯಂದ್ರು!" ಎಂದು ಮಹಾದೇವಕ್ಕ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಊರವರಲ್ಲಿ ಎರಡು ಪಕ್ಷ ಆದವು. "ಹುಲಗೂರ, ಹೊಡೀ!" ಅಂದರು ಕೆಲವರು. "ಸವಣೂರ, ಇನ್ನ ಒಂದ ಗೇಣು!" ಅಂದರು ಕೆಲವರು. ಸಿಡಿಮದ್ದು ನಡುವೆ ನಿಂತು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ನೋಡುತ್ತಾ ಬೆಲ್ಲದ ಬಾಯಿ ಚಪ್ಪರಿಸುತ್ತಿತ್ತು. ಹೋರಿಯನ್ನು ಬಿಟ್ಟು ಅಳಿಯಂದಿರನ್ನು ನೋಡಲು ಜನ ಸೇರಿದ್ದು ಹೋರಿ ಹಬ್ಬದ ಚರಿತ್ರೆಯಲ್ಲಿ ಅದೇ ಮೊದಲು.

ಬಸವೇಶನ ಪಾಲಿಗೆ ತಿಪ್ಪೆಯ ಮಗ್ಗುಲಿನ ಮೆತ್ತನೆ ಮಣ್ಣು ಬಂದಿತ್ತು. ಮಹಾಂತೇಶನ ಗುದ್ದಲಿಗೆ ಗಟ್ಟಿ ಗರಸು ಸಿಕ್ಕಿತು, ಹೊಡೆದರೆ ಕಿಡಿ ಹಾರುತ್ತಿತ್ತು. ಅವನಿನ್ನೂ ಒಂದು ಕುಣಿಯ ಅರ್ಧದಲ್ಲಿ ಇರುವಾಗ ಬಸವೇಶ ಎರಡೂ ಮುಗಿಸಿ, ಹಾರಿ ಗಾಡಿ ಏರಿ, ಹಿಂದೆ ಬಿಟ್ಟ. ಹೊಸ ಟೈರುಗಳು ಕುಣಿಯೊಳಗೆ ಇಳಿದು ಕೂತವು. ಗಂಟು ದಾಟಿದ್ದ ಎರಡು ಬೆರಳು, ಕಮಾನಿನ ಪಟ್ಟಿ, ಉಮೈಮಾಳ ಅಂಗಡಿಯಿಂದ ಹೊತ್ತು ತಂದ ಎತ್ತರವೆಲ್ಲ ಮಣ್ಣಿನಲ್ಲಿ ಹೋಯಿತು. ಗಾಡಿಯ ಅಂಚು ಕಟ್ಟೆಗೆ ಸಮ ಆಯಿತು. ಸಿಡಿಮದ್ದು ತಲೆ ಎತ್ತಿಕೊಂಡು ಒಳಗೆ ನಡೆಯಿತು, ಏನೂ ಆಗೇ ಇಲ್ಲ ಅನ್ನುವ ಹಾಗೆ.

ಜನ ಕೇಕೆ ಹಾಕಿದರು. ಅಜ್ಜಪ್ಪ ಹೊಸ ಟವೆಲ್ ಹಿಡಿದು ಬಂದ. ಬಸವೇಶನ ಮುಖದ ತುಂಬ ಮಣ್ಣು, ಬೆವರು. "ಹಿಂಗ ಮಾರಿ ತುಂಬ ರಾಡಿ ಮಾಡ್ಕೊಂಡ ಹೊಂಟೀಯಲ್ಲೋ," ಅಂದು ಅವನ ಹೆಗಲ ಮೇಲಿದ್ದ ಹಳೆಯ ಟವೆಲನ್ನು ಎಳೆದುಕೊಂಡು ಒರೆಸಹೋದ. ಕೈಗೆ ಗಟ್ಟಿಯಾಗಿ ಏನೋ ಸಿಕ್ಕಿತು.

"ಏನೋ ಇದು ಗಂಟು?"

"ಏನೋ ಒಂದ ಮರೀಬಾರ್ದಂತ ಹಾಕಿದ್ದೆ ಮಾವಾ."

"ಏನು?"

"ಮರತೇನ್ರಿ."

ಅಜ್ಜಪ್ಪ ಹೊಸ ಟವೆಲನ್ನು ಅವನ ತಲೆಗೆ ಸುತ್ತಿ, ಹಳೆಯದನ್ನು ಜಾಡಿಸಿ ಕಟ್ಟೆಯ ಮೇಲಿಂದ ಇಳಿಬಿಟ್ಟ. ಅದು ಆ ಮಗ್ಗುಲಲ್ಲಿ ಮಹಾಂತೇಶನ ಗಾಡಿಯ ಹಿಂದಿನ ಟೈರಿನ ಎದುರಿಗೆ ನೇತಾಡಿತು. ಮಹಾಂತೇಶ ಗುದ್ದಲಿಯ ಮೇಲೆ ಗದ್ದ ಇಟ್ಟು ನಿಂತಿದ್ದ. ಟವೆಲನ್ನು ನೋಡಿದ. ಎಳೆದು ನೆಲಕ್ಕೆ ಹಿಡಿದ. ಗಂಟನ್ನು ನೋಡಿದ, ತನ್ನ ಟೈರನ್ನು ನೋಡಿದ. ಅಂಗೈಗೆ ಉಗುಳಿಕೊಂಡು ಮತ್ತೆ ಗುದ್ದಲಿ ಎತ್ತಿದ.

ಹಾನಗಲ್ಲಿನ ಕಣದಲ್ಲಿ ಸಿಡಿಮದ್ದಿನ ಒಂದು ಕೊಬ್ಬರಿ ಬಟ್ಟಲೂ ಯಾರ ಕೈಗೂ ಸಿಗಲಿಲ್ಲ. ಸುದ್ದಿ ಹೋರಿಗಿಂತ ಮುಂದೆ ಓಡಿ ಊರು ಸೇರಿತು. ಮರಳಿ ಏರಿಸುವಾಗ ಮಾತ್ರ ಬಸವೇಶ ಅಲ್ಲಿ ಯಾರದೋ ಹೊಲದ ಬದುವಿನ ಬದಿಗೆ ಮತ್ತೆ ಎರಡು ಕುಣಿ ತೋಡಬೇಕಾಯಿತು. "ಏ, ಯಾರ ಹೊಲ ಅಂತ ಮಾಡೀಯೋ? ಹೆಣಾ ಹುಗಿಯಾಕ ಬಂದೀಯೇನು?" ಎಂದು ಹೊಲದವನು ಬೈದ. ಬಸವೇಶ ತಲೆಯ ಮೇಲಿನ ಹೊಸ ಟವೆಲ್ ತೋರಿಸಿ ಕೈ ಮುಗಿದ.

ಹೊತ್ತು ಇಳಿಯುವಾಗ ಗಾಡಿ ಅಜ್ಜಪ್ಪನ ಅಂಗಳಕ್ಕೆ ತಿರುಗಿತು. ಹೋರಿ ಇಳಿಯಿತು, ಅಜ್ಜಪ್ಪ ಅದನ್ನು ಕೊಟ್ಟಿಗೆಗೆ ಕರೆದುಕೊಂಡು ಹೋದ. "ಬರೂ ಐತವಾರ ಇನ್ನೊಂದ ಹಬ್ಬ ಐತಿ ಬಸ್ಯಾ," ಅಂದ ಹೋಗುತ್ತಾ. ಮಹಾಂತೇಶ ಆಗಲೇ ಸವಣೂರಿಗೆ ಹೋಗಿಯಾಗಿತ್ತು. ಆದರೆ ಕಟ್ಟೆಯ ಆ ಮಗ್ಗುಲಲ್ಲಿ ಅವನ ಎರಡು ಕುಣಿ ಇದ್ದವು. ಗರಸನ್ನು ಕೊರೆದು, ಅಂಚು ಕೆತ್ತಿ, ಮೂಲೆ ತಿದ್ದಿ ಮಾಡಿದ ಚೌಕ ಕುಣಿಗಳು. ಬಸವೇಶನವು ಅವುಗಳ ಮುಂದೆ ಹಂದಿ ಕೆದರಿದ ಹಾಗೆ ಕಾಣುತ್ತಿದ್ದವು.

ಶೈಲಶ್ರೀ ಬಕೆಟ್ ಕೆಳಗಿಟ್ಟು ಅದರ ಮೇಲೆ ಕಾಲಿಟ್ಟು ಇಳಿದಳು. ಗಂಡ ಯಾವ ಕಡೆ ನೋಡುತ್ತಿದ್ದಾನೆ ಎಂದು ಅವಳಿಗೆ ಗೊತ್ತಾಯಿತು. "ನಾಳೆ ಶಿಗ್ಗಾಂವಿಗೆ ಹೋಗಿ ಹಳೇ ಟೈರ ಹಾಕಸ್ಕೊಂಬರ್ರಿ. ಅಂಗಡ್ಯಾಕಿ ತಗದ ಇಟ್ಟಾಳಲ್ಲ? ಕಟ್ಟಿ ನಿಮ್ಮ ಅಳತೀದಂತ ಅಪ್ಪನಽ ಹೇಳ್ಯಾನ. ಇನ್ನೇನ್ ಬೇಕು?"

"ಹಾಕ್ಸಿದ್ರ ರಸ್ತೇದಾಗ ಅವ ಎತ್ತರ ಆಗ್ತಾನ."

"ಹಾಕ್ಸದಿದ್ರ?"

"ಇಲ್ಲೆ ಕುಣ್ಯಾಗ ಅವ ಆಳ ಆಗ್ತಾನ."

ಅವಳು ಬಕೆಟ್ ಎತ್ತಿಕೊಂಡು ಒಳಗೆ ಹೋದಳು.

ಅಂಗಳದಲ್ಲಿ ಯಾರೂ ಇರಲಿಲ್ಲ. ಮಹಾಂತೇಶನ ಒಂದು ಕುಣಿಯಲ್ಲಿ ಆಗಲೇ ಒಂದು ಕೋಳಿ ರೆಕ್ಕೆ ಹರಡಿ ಮಣ್ಣಿನ ಸ್ನಾನ ಮಾಡುತ್ತಿತ್ತು. ಬಸವೇಶ ಆ ಕಡೆ ಈ ಕಡೆ ನೋಡಿ, ಅದನ್ನು ಹುಶ್ ಅಂದು ಎಬ್ಬಿಸಿ, ಕುಕ್ಕರಗಾಲಲ್ಲಿ ಕುಳಿತ. ಮಾವ ಬೆಳಿಗ್ಗೆ ಸುತ್ತಿದ್ದ ಹೊಸ ಟವೆಲನ್ನು ತಲೆಯಿಂದ ಬಿಚ್ಚಿದ. ಗಂಜಿಯ ವಾಸನೆ ಇನ್ನೂ ಹೋಗಿರಲಿಲ್ಲ. ಅದರ ತುದಿಯನ್ನು ಮೆಲ್ಲಗೆ ಕುಣಿಯೊಳಗೆ ಇಳಿಬಿಟ್ಟು, ತಳ ಮುಟ್ಟಿದ ಮೇಲೆ, ನೆಲದ ಸಮಕ್ಕೆ ಒಂದು ಗಂಟು ಹಾಕಿದ.

ಇಷ್ಟೇ. ಸುಳ್ಳು ಅನ್ನುವವರು ಚಿಕ್ಕೇರೂರಿಗೆ ಹೋಗಿ ನೋಡಬಹುದು, ಕುಣಿಗಳು ಅಲ್ಲೇ ಇವೆ. ಆದರೆ ನಗುವ ಮೊದಲು ನಿಮ್ಮ ಹೆಗಲ ಮೇಲಿನ ಟವೆಲ್ ಕೈಗೆ ತೆಗೆದುಕೊಳ್ಳಿ. ಬಿಚ್ಚಿ, ಎರಡೂ ತುದಿ ಹಿಡಿದು ಒಮ್ಮೆ ಜಾಡಿಸಿ, ಎಲ್ಲೂ ಗಂಟಿಲ್ಲವೆಂದು ತೋರಿಸಿ.